ಏಳುನೂರ ಎಪ್ಪತ್ತು

ನಾನು ಹುಟ್ಟಿದ್ದು ಒಂದು ಸಂಖ್ಯೆಗೆ.
ಅಪ್ಪನ ಹೆಸರು ಆಮೇಲೆ ಬರೆದುಕೊಂಡರು.

ಬೊಟೊಶಾನಿಯ ಆಸ್ಪತ್ರೆಯಲ್ಲಿ ಆ ವರ್ಷ
ಮಂಚಕ್ಕಿಬ್ಬರು ಬಾಣಂತಿಯರು,
ಒಬ್ಬಳ ತಲೆಯತ್ತ ಇನ್ನೊಬ್ಬಳ ಕಾಲು.
ರಾತ್ರಿಯಿಡೀ ಯಾರದೋ ಅಂಗಾಲು
ಕೆನ್ನೆಗೆ ತಣ್ಣಗೆ ತಾಗುತ್ತಿತ್ತಂತೆ.
ನನ್ನ ಹುಟ್ಟಿನ ಬಗ್ಗೆ ಅಮ್ಮ ಆಡಿದ ಮೊದಲ ಮಾತು ಅದು.

ಎರಡನೆಯ ಮಾತಿಗೆ ನನಗೆ ಮೂವತ್ತು ತುಂಬಬೇಕಾಯಿತು.
ಪ್ಲಮ್ ಹಣ್ಣಿನ ಬೀಜ ಬಿಡಿಸುತ್ತಿದ್ದಳು:
"ನೀನಿದ್ದಾಗ ಸಾಸಿವೆ ನೀರಲ್ಲಿ ಕೂತೆ,
ಮೇಜಿನಿಂದ ಹನ್ನೊಂದು ಸಲ ಹಾರಿದೆ.
ಜಗ್ಗಲಿಲ್ಲ ನೀನು, ಡೊಮ್ನಿಕಾ,
ಆಗಲೇ ಹಟಮಾರಿ."
ಇಬ್ಬರೂ ನಕ್ಕೆವು.
ಬೋಗುಣಿಯಲ್ಲಿ ಬೀಜ ಟಣ್ಣೆನ್ನುತ್ತಲೇ ಇದ್ದವು.

ಈಗ ನನ್ನ ಕೆಲಸ ನೆಲಮಾಳಿಗೆಯಲ್ಲಿ,
ಕೋರ್ಟಿನ ಹಳೇ ಕಡತಗಳ ನಡುವೆ.
ಕಾನೂನಿಗೊಂದು ವಾಸನೆಯಿದೆ:
ಇಲಿ ಹಿಕ್ಕೆ, ಒಣಗಿದ ಅಂಟು.
ನಲವತ್ತೆಂಟರಲ್ಲಿ ಕೂಡದು ಎಂದಿತು.
ಐವತ್ತೇಳರಲ್ಲಿ ಆಗಬಹುದು ಎಂದಿತು.
ಅರವತ್ತಾರರ ಅಕ್ಟೋಬರಿನಲ್ಲಿ
ಹೆಂಗಸರು ಸೌದೆ ಒಟ್ಟುತ್ತಿದ್ದಾಗ
ಮತ್ತೆ ಕೂಡದು.
ನಾಲ್ಕು ಹೆತ್ತಿದ್ದರೆ, ನಲವತ್ತೈದು ದಾಟಿದ್ದರೆ, ನೋಡೋಣ.
ಮುಂದೊಂದು ದಿನ ನಾಲ್ಕನ್ನು ಐದು ಮಾಡಿದರು,
ಹಾಲಿನವನು ನೀರು ಬೆರೆಸುವಷ್ಟು ಸಲೀಸಾಗಿ.

ಚಿಕ್ಕಮ್ಮ ಝಮ್ಫಿರಾ ನೂಲಿನ ಗಿರಣಿಯಲ್ಲಿದ್ದಳು.
ಡಾಕ್ಟರು ಬರುವ ದಿನ ಹೆಂಗಸರ ಸಾಲು,
ಒಳಲಂಗ ಕೈಯಲ್ಲಿ ಮಡಿಚಿ ಹಿಡಿದು.
ಕದಿರು ಮಾತ್ರ ನಿಲ್ಲುತ್ತಿರಲಿಲ್ಲ.
ತಿಂಗಳ ಲೆಕ್ಕ ಮೇಲ್ವಿಚಾರಕನ ಪುಸ್ತಕದಲ್ಲಿ,
ಎಳೆಗಳ ಲೆಕ್ಕದ ಪಕ್ಕದಲ್ಲೇ.

ಅವಳ ಕಡತ ನನ್ನ ಕೈಗೆ ಬಂದದ್ದು ಒಂದು ಮಂಗಳವಾರ.
ಎಂಬತ್ತಮೂರು, ಫೆಬ್ರವರಿ. ತೆಳು ಕಡತ.
ಡಾಕ್ಟರು ಕೈ ತೊಳೆದು ನಿಂತಿದ್ದಾನೆ;
ಹೆಸರು ಹೇಳುವ ತನಕ ಮುಟ್ಟುವಂತಿಲ್ಲ.
ಮಂಚದ ಪಕ್ಕ ಸ್ಟೂಲಿನ ಮೇಲೆ ಸಮವಸ್ತ್ರದವನು.
ಅಂಚಿನಲ್ಲಿ ಪೆನ್ಸಿಲಿನಲ್ಲಿ: ಜ್ವರ ನಲವತ್ತು ಡಿಗ್ರಿ.
ಪ್ರಶ್ನೆ: ಮಾಡಿದವರು ಯಾರು?
ಪ್ರಶ್ನೆ: ಮಾಡಿದವರು ಯಾರು?
ಪುಟ ತಿರುಗಿಸಿದರೆ ಅದೇ, ಅದೇ ಕೈಬರಹ,
ಬರಬರುತ್ತ ವಾಲಿಕೊಂಡು, ಅವನಿಗೂ ನಿದ್ದೆ ಬಂದಿರಬೇಕು.
ಉತ್ತರದ ಜಾಗ ಬೆಳ್ಳಗೆ.

ಕೊನೆಯ ಹಾಳೆ, ವಾಪಸು ಕೊಟ್ಟ ವಸ್ತುಗಳ ರಸೀದಿ:
ಉಣ್ಣೆಯ ಶಾಲು ಒಂದು. ಉಂಗುರ ಒಂದು.
ಕೈಗವಸು ಒಂದೇ.
ಪಡೆದವರ ಸಹಿ, ಅಮ್ಮನದು.

ಪ್ರತಿ ಫೆಬ್ರವರಿ ಅಮ್ಮ ಗೋಧಿ ಬೇಯಿಸುತ್ತಾಳೆ,
ಅಕ್ರೂಟ್ ಕಲಸಿ, ಮೇಲೆ ಸಕ್ಕರೆಯ ಶಿಲುಬೆ ಬರೆದು
ಗೋರಿಯ ಬಳಿ ಬಂದವರಿಗೆಲ್ಲ ಹಂಚುತ್ತಾಳೆ.
ತಾನು ಒಂದು ಚಮಚವೂ ಮುಟ್ಟಳು.
ಈ ಸಲ ಕೇಳಿಯೇ ಬಿಟ್ಟೆ:
ನೀನೇ ಏನಮ್ಮ?
ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

ಎಂಬತ್ತೊಂಬತ್ತು, ಡಿಸೆಂಬರ್ ಇಪ್ಪತ್ತಾರು.
ಬೀದಿಯ ಗಾಜಿನ್ನೂ ಗುಡಿಸಿರಲಿಲ್ಲ,
ರೇಡಿಯೋದಲ್ಲಿ ಯಾರೋ ಎಡವುತ್ತ ಓದಿದರು:
ರದ್ದು.
ಆ ಚಳಿಯಲ್ಲಿ ಸಾಲು ಗೇಟಿನಾಚೆಗೂ ಬೆಳೆದಿತ್ತು.
ನಾನೂ ಇದ್ದೆ. ಇಪ್ಪತ್ತೆರಡು ವಯಸ್ಸು,
ಕೈಯಲ್ಲಿ ಚೀಟಿ, ಮೂವತ್ತೊಂದು.
ಬದುಕಿನಲ್ಲಿ ನಾನೇ ಕೇಳಿ ಪಡೆದ ಮೊದಲ ಸಂಖ್ಯೆ.

ಆ ಕಾನೂನು ಇಲ್ಲದಿದ್ದರೆ ನೀನೆಲ್ಲಿರುತ್ತಿದ್ದೆ, ಎನ್ನುತ್ತಾರೆ
ಮದುವೆಮನೆಗಳಲ್ಲಿ, ಎರಡನೇ ಲೋಟದ ಹೊತ್ತಿಗೆ.
ಎಲ್ಲೂ ಇರುತ್ತಿರಲಿಲ್ಲ, ನಿಜ.
ಅಷ್ಟಕ್ಕೇ ಅಗುಳಿ ಹಾಕಿದವನನ್ನು
ಅಪ್ಪಾ ಅನ್ನಲೇ?

ಖಾಲಿ ಗೆರೆಗಳನ್ನೂ ಎಣಿಸಿ ನಮೂದಿಸಬೇಕೆಂಬುದು
ನಮ್ಮಲ್ಲೊಂದು ನಿಯಮ.
ಬೆರಳಿಟ್ಟು ಎಣಿಸಿದೆ.
ಅರವತ್ತೆರಡು.
ಬರೆದು, ದಾರ ಕಟ್ಟಿ,
ಅಮ್ಮನಿಗೆ ಫೋನು ಮಾಡಿದೆ, ಸುಮ್ಮನೆ,
ಊಟ ಆಯಿತೇ ಎಂದು.